ಬೀಳುವವರ ಫೋಟೋ

ನಾಲ್ಕಾರು ವರ್ಷಗಳ ಹಿಂದಿನ ಮಾತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ನಡೆದಿತ್ತು. ಆ ದಿನಗಳಲ್ಲಿ ನಮ್ಮೂರಿನಲ್ಲಿ ಮಾತಿಗಿಂತ ಸೀನೇ ಹೆಚ್ಚು. ಹೊಸದಾಗಿ ಬಂದ ನೆಂಟರು ಕಣ್ಣು ಮೂಗು ಒರೆಸಿಕೊಳ್ಳುತ್ತಲೇ ಚಹಾ ಕುಡಿಯುತ್ತಾರೆ. ನಾನೂ ಮೂಗಿಗೆ ಸೆರಗು ಹಿಡಿದುಕೊಂಡೇ ಫೋನು ಎತ್ತಿದೆ. ಬೆಂಗಳೂರಿನಿಂದ ನನ್ನ ತಮ್ಮನ ಮಗಳು.

"ಅತ್ತಿ, ಒಂದು ಮಾತು ಕೇಳ್ತೀನಿ, ಅಪ್ಪಗ ಹೇಳಬ್ಯಾಡ. ವಿಮಾನದಿಂದ ಜಿಗಿಯೋವಾಗ ಫೋಟೋ ತಗೀಬೇಕಂದ್ರ ಎಂಥಾ ಕ್ಯಾಮೆರಾ ಬೇಕು? ಲೆನ್ಸ್ ಯಾವುದು ಹಾಕ್ಬೇಕು?"

"ಯಾರವ್ವಾ ಜಿಗಿಯೋದು?"

"ನಾನs."

ಸೀನು ಬರುವುದು ಅಲ್ಲೇ ನಿಂತಿತು. ಮೈಸೂರಿನಲ್ಲಿ ಆಗ ಪ್ಯಾರಾಶೂಟ್ ಕಟ್ಟಿಕೊಂಡು ಜಿಗಿಸುವ ಶಿಬಿರ ನಡೆಯುತ್ತಿತ್ತಂತೆ. ಇವಳು ಗೆಳತಿಯರ ಜೊತೆ ಹೆಸರು ಕೊಟ್ಟಿದ್ದಳು. ಜಿಗಿದರಷ್ಟೇ ಸಾಲದು, ಜಿಗಿಯುವ ಗೆಳತಿಯ ಫೋಟೋ ಗಾಳಿಯಲ್ಲಿಯೇ ತೆಗೆಯಬೇಕು. "ನೀ ಸ್ಟುಡಿಯೋದಾಗ ಬೆಳದಾಕಿ, ನಿನಗ ಗೊತ್ತಿರ್ತೈತಿ" ಎಂದಳು.

ಎರಡು ದಿನ ಕಳೆಯುವುದರೊಳಗೆ ಸುದ್ದಿ ಹಾವೇರಿಗೆ ತಲುಪಿತು. ತಮ್ಮ ಫೋನು ಮಾಡಿದ. "ಅಕ್ಕಾ, ನನ್ನ ಮಾತು ಕೇಳಂಗಿಲ್ಲ, ನಿನ್ನ ಮಾತು ಕೇಳ್ತಾಳ. ಹೆಂಗರ ಮಾಡಿ ಬಿಡಿಸು." ಹಿಂದಿನಿಂದ ವೈನಿಯ ಅಳು ಕೇಳಿಸುತ್ತಿತ್ತು. ಹೀಗೆ ಒಂದೇ ವಾರದಲ್ಲಿ ನನಗೆ ಎರಡು ಕೆಲಸ ಬಂದವು. ಒಂದು, ಲೆನ್ಸ್ ಹೇಳುವುದು. ಇನ್ನೊಂದು, ಹೋಗದಂತೆ ತಡೆಯುವುದು.

ನನ್ನ ತವರು ರಾಣೇಬೆನ್ನೂರು. ಅಪ್ಪನದು ಅಲ್ಲಿ ಒಂದು ಸಣ್ಣ ಸ್ಟುಡಿಯೋ. ಹಿಂದೆ ಬಣ್ಣದ ಪರದೆ, ಮುಂದೆ ಕೆತ್ತನೆಯ ಕುರ್ಚಿ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ. ಅಪ್ಪ ಫೋಟೋ ತೆಗೆದರೆ, ಕತ್ತಲೆ ಕೋಣೆಯ ಕೆಲಸ ನನ್ನದು. ಹತ್ತನೆಯ ಇಯತ್ತೆ ಮುಗಿಸುವ ಹೊತ್ತಿಗೆ ಡೆವಲಪರ್, ಹೈಪೊ, ಕೆಂಪು ದೀಪ ನನ್ನ ಸಂಸಾರವಾಗಿತ್ತು. ಊರಿನ ಎಷ್ಟೋ ಹೆಣ್ಣುಮಕ್ಕಳ, ವರನ ಕಡೆಯವರಿಗೆ ಕಳಿಸುವ ಫೋಟೋಗಳು ನನ್ನ ಕೈಯ ತಟ್ಟೆಯಲ್ಲಿಯೇ ಮೊದಲು ಕಣ್ಣು ತೆರೆದವು. ಆದರೆ ಹೊರಗಿನ ಕೋಣೆಯಲ್ಲಿದ್ದ ಕ್ಯಾಮೆರಾ ನನಗೆ ಒರೆಸಿಡುವ ವಸ್ತುವೇ ಹೊರತು ಹಿಡಿಯುವ ವಸ್ತುವಾಗಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ಹಿಡಿ ಎಂದೂ ಯಾರೂ ಹೇಳಿರಲಿಲ್ಲ.

ಅದು ಯಾಶಿಕಾ ಮ್ಯಾಟ್ 124ಜಿ. ಒಂದರ ಮೇಲೊಂದು ಎರಡು ಕಣ್ಣಿನ ಕ್ಯಾಮೆರಾ. ಮೇಲಿನ ಕಣ್ಣು ನೋಡಲಿಕ್ಕೆ, ಕೆಳಗಿನದು ಚಿತ್ರ ಹಿಡಿಯಲಿಕ್ಕೆ. ಒಂದು ರೋಲಿಗೆ ಹನ್ನೆರಡು ಚಿತ್ರ. ಶಟರಿನ ಅತಿ ಹೆಚ್ಚಿನ ವೇಗ ಸೆಕೆಂಡಿನ 500ನೆಯ ಒಂದು ಪಾಲು.

ಅಪ್ಪನಿಗೆ ಜೀವಮಾನದ ಒಂದು ಆಸೆಯಿತ್ತು. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಮಹಾನವಮಿಗೆ ಮಾಲತೇಶನ ಕಾರಣಿಕ ನಡೆಯುವುದನ್ನು ನಮ್ಮ ಕಡೆಯವರು ಬಲ್ಲಿರಿ. ಉಪವಾಸವಿದ್ದ ಗೊರವಯ್ಯ ಸುಮಾರು 20 ಅಡಿಯ ಬಿಲ್ಲನ್ನೇರುತ್ತಾನೆ. "ಸದ್ದಲೇ" ಎನ್ನುತ್ತಾನೆ. ಸಾವಿರಾರು ಜನರ ಗದ್ದಲ ಒಮ್ಮೆಲೇ ಅಡಗುತ್ತದೆ. ವರ್ಷದ ಮಳೆ ಬೆಳೆ ರಾಜ್ಯಭಾರದ ಬಗ್ಗೆ ಒಂದೇ ಒಂದು ನುಡಿ ನುಡಿದು ಮೇಲಿನಿಂದ ಬಿದ್ದುಬಿಡುತ್ತಾನೆ. ಕೆಳಗಿನವರು ಹಿಡಿದುಕೊಳ್ಳುತ್ತಾರೆ. ಆ ನುಡಿಯ ಅರ್ಥವನ್ನು ಊರೂರಿನ ಕಟ್ಟೆಯ ಮೇಲೆ ವರ್ಷವಿಡೀ ಬಿಡಿಸುತ್ತಾರೆ. ಬಿಲ್ಲನ್ನು ಬಿಟ್ಟ, ಇನ್ನೂ ಕೈಗಳಿಗೆ ಸಿಕ್ಕಿರದ, ಆ ನಡುವಿನ ಗೊರವಯ್ಯನ ಒಂದು ಚಿತ್ರ ಅಪ್ಪನಿಗೆ ಬೇಕಾಗಿತ್ತು.

ಲೆಕ್ಕ ಹಾಕಿ ನೋಡಿ. 20 ಅಡಿ ಬೀಳಲು ಹಿಡಿಯುವುದು ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಕೆಳಗೆ ಮುಟ್ಟುವಾಗ ವೇಗ ಸೆಕೆಂಡಿಗೆ 10 ಮೀಟರಿನ ಮೇಲೆ. ಶಟರು ಸೆಕೆಂಡಿನ 125ನೆಯ ಒಂದು ಪಾಲು ತೆರೆದಿದ್ದರೆ ಅಷ್ಟರಲ್ಲಿ ಮನುಷ್ಯ ನಾಲ್ಕು ಬೆರಳು ಕೆಳಗಿಳಿದಿರುತ್ತಾನೆ. ಚಿತ್ರ ಕಲಸಿದ ಅಂಬಲಿ. 500ನೆಯ ಒಂದು ಪಾಲಿಗೆ ಇಟ್ಟರೆ ಒಂದು ಬೆರಳು. ಆದರೆ ಅಷ್ಟು ಬೇಗ ಮುಚ್ಚಿದರೆ ಹೊತ್ತು ಇಳಿಯುವ ವೇಳೆಯ ಬೆಳಕು ಸಾಲುವುದಿಲ್ಲ. ಇದರ ಮೇಲೆ, ಕಣ್ಣು ಕಂಡದ್ದನ್ನು ಬೆರಳಿಗೆ ಮುಟ್ಟಿಸಲು ಮೈಗೆ ಸೆಕೆಂಡಿನ ಐದನೆಯ ಒಂದು ಪಾಲಾದರೂ ಬೇಕು. "ಬೀಳೂದ ನೋಡಿ ಒತ್ತಿದ್ರ ತಡಾ ಆತು. ಬೀಳೂಕಿಂತ ಮೊದ್ಲ ಒತ್ತಬೇಕು. ಆದ್ರ ಯಾವಾಗ ಬೀಳ್ತಾನ ಅಂಬೂದು ಅವಗೂ ಗೊತ್ತಿರಂಗಿಲ್ಲ" ಎನ್ನುತ್ತಿದ್ದ ಅಪ್ಪ. ಪ್ರತಿ ವರ್ಷ ಹೋಗುತ್ತಿದ್ದ. ಪ್ರತಿ ವರ್ಷ ಬಿಲ್ಲಿನ ಮೇಲಿನ ಗೊರವಯ್ಯ ಸಿಗುತ್ತಿದ್ದ, ಇಲ್ಲವೇ ಜನರ ತಲೆ ಸಿಗುತ್ತಿತ್ತು.

1981ರಲ್ಲಿ ಅಪ್ಪನ ಬಲಗಣ್ಣಿಗೆ ಪೊರೆ ಬಂದಿತ್ತು. ಆ ನವಮಿಯ ದಿನ ದೂರದಲ್ಲಿ ನಿಲ್ಲಿಸಿದ್ದ ಬಂಡಿಯ ಮೇಲೆ ನಾವು ಹೆಣ್ಣುಮಕ್ಕಳು ನಿಂತಿದ್ದೆವು. ಅಪ್ಪ ನೂಕುನುಗ್ಗಲಿನೊಳಗೆ ಹೋಗಲಾರದೆ ಬಂಡಿಯ ಹತ್ತಿರವೇ ಉಳಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೊರಳಿನಿಂದ ಕ್ಯಾಮೆರಾ ತೆಗೆದು ನನ್ನ ಕೊರಳಿಗೆ ಹಾಕಿದ. "ನೀ ತಗಿ" ಎಂದ, ಅಷ್ಟೇ.

ಈ ತರಹದ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು, ಮೇಲಿನಿಂದ ಅದರ ಗಾಜಿನೊಳಗೆ ಬಗ್ಗಿ ನೋಡಬೇಕು. ಜನರೆಲ್ಲ ಮೇಲೆ ನೋಡುತ್ತಿದ್ದಾಗ ನಾನೊಬ್ಬಳೇ ಕೆಳಗೆ ನೋಡುತ್ತಿದ್ದೆ. 200 ಅಡಿ ದೂರದ ಬಿಲ್ಲು ಆ ಗಾಜಿನಲ್ಲಿ ಕಡ್ಡಿಪೆಟ್ಟಿಗೆಯ ಕಡ್ಡಿಗಿಂತ ಚಿಕ್ಕದು. ಗೊರವಯ್ಯ ಎಳ್ಳಿನಷ್ಟು. "ಸದ್ದಲೇ" ಎಂದದ್ದು ಕೇಳಿತು. ನುಡಿ ಕೇಳಿತು. ಎಳ್ಳು ಅಲುಗಿತು, ಗಾಜಿನಲ್ಲಿ ಬಲಕ್ಕೆ ಸರಿಯಿತು. ನಾನೂ ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿ ಒತ್ತಿದೆ.

ನಿಮ್ಮಲ್ಲಿ ಇಂಥ ಕ್ಯಾಮೆರಾ ಬಳಸಿದವರಿದ್ದರೆ ಈಗಾಗಲೇ ನಕ್ಕಿರುತ್ತೀರಿ. ಅದರ ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಗೊರವಯ್ಯ ಎಡಕ್ಕೆ ವಾಲಿ ಬಿದ್ದಿದ್ದ. ಒಮ್ಮೆಯೂ ಅದನ್ನು ಹಿಡಿದು ನೋಡಿರದ ನನಗೆ ಅದು ಗೊತ್ತಿರಲಿಲ್ಲ. ಆ ರಾತ್ರಿ ನಾನೇ ಫಿಲ್ಮು ತೊಳೆದೆ. ಅಪ್ಪ ಒದ್ದೆ ನೆಗೆಟಿವನ್ನು ದೀಪಕ್ಕೆ ಹಿಡಿದು ಎಡಗಣ್ಣಿನಿಂದ ನೋಡಿದ. ಬಲಗಡೆಯ ಬಂಡಿಯ ಮೇಲಿನ ಏಳೆಂಟು ಹೆಂಗಸರು, ಸ್ವಲ್ಪ ಮಸುಕಾಗಿ, ಬಾಯಿ ತೆರೆದು, ಒಬ್ಬಳು ಎದೆಯ ಮೇಲೆ ಕೈಯಿಟ್ಟುಕೊಂಡು, ಒಬ್ಬಳು ಮಗುವಿನ ಕಣ್ಣು ಮುಚ್ಚಿ, ಎಲ್ಲರೂ ಮೇಲೆ ನೋಡುತ್ತಿದ್ದರು.

"ಬಿದ್ದಾಂವ ಒಬ್ಬ ಇಲ್ಲ ನೋಡು. ಉಳದವರೆಲ್ಲಾ ಅದಾರ" ಎಂದ ಅಪ್ಪ. ಬೈಯಲಿಲ್ಲ. ಮರುವರ್ಷ ನನ್ನ ಮದುವೆಯಾಗಿ ನಾನು ಬ್ಯಾಡಗಿಗೆ, ಅಡತಿ ಅಂಗಡಿಯವರ ಮನೆಗೆ ಬಂದೆ. ಅಪ್ಪ ತೀರಿಕೊಂಡ ಮೇಲೆ ಯಾಶಿಕಾ ತಮ್ಮನ ಪಾಲಿಗೆ ಹೋಯಿತು. ಅವನು ಅದನ್ನು ಒಮ್ಮೆಯೂ ಬಳಸದೆ ಮಾರಿದ. ನಾನು ಕೇಳಿದ್ದರೆ ಕೊಡುತ್ತಿದ್ದನೇನೋ. ಕೇಳಲಿಲ್ಲ.

ಹೀಗಿದ್ದವಳಿಗೆ ಆ ಹುಡುಗಿ ಲೆನ್ಸ್ ಕೇಳಿದ್ದಳು. ನಾನು ಓದಲು ಕುಳಿತೆ. ಮೊಮ್ಮಗ ಇಂಟರ್‌ನೆಟ್ ಹಾಕಿಕೊಟ್ಟ, ಹಾವೇರಿಯಿಂದ ಪುಸ್ತಕ ತರಿಸಿದೆ. ಓದುತ್ತ ಹೋದಂತೆ ಅಪ್ಪ ಒಬ್ಬನೇ ಅಲ್ಲ, ಲೋಕದಲ್ಲಿ ಎಷ್ಟೋ ಜನ ಬೀಳುವವರ ಚಿತ್ರದ ಬೆನ್ನು ಹತ್ತಿದ್ದರೆಂದು ತಿಳಿಯಿತು.

ಬಲೂನಿನಿಂದ ಪ್ಯಾರಾಶೂಟ್ ಹಿಡಿದು ಇಳಿದ ಮೊದಲಿಗರಲ್ಲಿ ಹೆಸರಾದವನು ಫ್ರಾನ್ಸಿನ ಗಾರ್ನೆರಿನ್, 1797ರಲ್ಲಿ. ಎರಡೇ ವರ್ಷದ ಮೇಲೆ, 1799ರಲ್ಲಿ, ಜಾನ್ ಲಾಬ್ರೋಸ್ ಎಂಬ ಹೆಣ್ಣುಮಗಳೂ ಹಾಗೆಯೇ ಇಳಿದಳು. ಆಗ ಫೋಟೋ ಎಂಬುದೇ ಇರಲಿಲ್ಲ. ಅದು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. 1858ರಲ್ಲಿ ಪ್ಯಾರಿಸ್ಸಿನ ನಾದಾರ್ ಬಲೂನಿನಲ್ಲಿ ಕ್ಯಾಮೆರಾ ಕಟ್ಟಿಕೊಂಡು ಏರಿದ. ಬಲೂನಿನಿಂದ ಸೋರಿದ ಅನಿಲ ಅವನ ಹಸಿ ಗಾಜಿನ ತಟ್ಟೆಗಳನ್ನು ಪದೇ ಪದೇ ಕೆಡಿಸಿತು. ಹೈಪೊದ ವಾಸನೆಯಲ್ಲಿ ಬೆಳೆದ ನನಗೆ ಅವನ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ. 1894ರಲ್ಲಿ ಮಾರೆ ಎಂಬ ಫ್ರೆಂಚ್ ವಿಜ್ಞಾನಿ ಒಂದು ಬೆಕ್ಕನ್ನು ಬೆನ್ನು ಕೆಳಗೆ ಮಾಡಿ ಕೈಬಿಟ್ಟು, ಅದು ಬೀಳುತ್ತ ಬೀಳುತ್ತಲೇ ತಿರುಗಿ ಕಾಲೂರುವುದನ್ನು ಸಾಲು ಚಿತ್ರಗಳಲ್ಲಿ ಹಿಡಿದ. ಆ ಚಿತ್ರಗಳನ್ನು ನೋಡಿದಾಗ ಅಪ್ಪನಿಗೆ ತೋರಿಸಬೇಕಾಗಿತ್ತು ಅನ್ನಿಸಿತು.

ನಮ್ಮ ದೇಶವೂ ಹಿಂದೆ ಬಿದ್ದಿರಲಿಲ್ಲ. 1890ರಲ್ಲಿಯೇ ಕಲಕತ್ತೆಯಲ್ಲಿ ರಾಮಚಂದ್ರ ಚಟರ್ಜಿ ಬಲೂನಿನಿಂದ ಪ್ಯಾರಾಶೂಟಿನಲ್ಲಿ ಇಳಿದರು. 1959ರಲ್ಲಿ ವಾಯುಪಡೆಯ ವೈದ್ಯೆ ಗೀತಾ ಚಂದ ವಿಮಾನದಿಂದ ಜಿಗಿದು ದೇಶದ ಮೊದಲ ಮಹಿಳಾ ಪ್ಯಾರಾಟ್ರೂಪರ್ ಆದರು. 1979ರಲ್ಲಿ ರೇಚಲ್ ಥಾಮಸ್ ಮೊದಲ ಸಲ ಜಿಗಿದರು. ಆಕೆ ರೈಲ್ವೆ ನೌಕರಳು, ಮಕ್ಕಳ ತಾಯಿ. 2002ರಲ್ಲಿ ಉತ್ತರ ಧ್ರುವದ ಮೇಲೂ ಜಿಗಿದರು, 2005ರಲ್ಲಿ ಪದ್ಮಶ್ರೀ ಬಂತು. ಪುಣೆಯ ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದಲ್ಲಿ ಜಿಗಿದವರು. 2018ರಲ್ಲಿ ಥಾಯ್ಲೆಂಡಿನಲ್ಲಿ ಒಂಬತ್ತು ಗಜದ ಸೀರೆಯುಟ್ಟು 13,000 ಅಡಿಯಿಂದ ಇಳಿದರು. ಬಸ್ಸು ಹತ್ತುವಾಗ ನೆರಿಗೆ ಕಾಲಿಗೆ ಸಿಕ್ಕು ಮುಗ್ಗರಿಸುವ ನಮ್ಮಂಥವರು ಆ ಫೋಟೋ ನೋಡಬೇಕು. ಗಂಟೆಗೆ 200 ಕಿಲೋಮೀಟರಿನ ಗಾಳಿಗೆ ಸೆರಗು ಹಾರಿ ಹಗ್ಗಕ್ಕೆ ಸುತ್ತಿಕೊಂಡರೆ ಗತಿಯೇನು? ಪ್ಯಾರಾಶೂಟಿಗೆ ಸಿಕ್ಕಿಕೊಳ್ಳುವಂಥದ್ದು ಮೈಮೇಲೆ ಏನೂ ಇರಬಾರದು ಎಂಬುದು ಈ ವಿದ್ಯೆಯ ಮೊದಲ ಪಾಠ. ಕ್ಯಾಮೆರಾ ಕೂಡ ಹಾಗೆ ಸಿಕ್ಕಿಕೊಳ್ಳುವ ವಸ್ತುವೇ.

ಈಗ ಲೆನ್ಸಿನ ಮಾತಿಗೆ ಬರೋಣ. ಎಲ್ಲ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ತೆಗೆಯುವವಳು ಎಲ್ಲಿದ್ದಾಳೆ? ನೆಲದ ಮೇಲೆ ನಿಂತು ತೆಗೆಯುವುದಾದರೆ ಉದ್ದನೆಯ ಲೆನ್ಸ್ ಬೇಕು. 3,000 ಅಡಿ ಮೇಲಿರುವ ಮನುಷ್ಯ 50 ಮಿಲಿಮೀಟರಿನ ಸಾಮಾನ್ಯ ಲೆನ್ಸಿನಲ್ಲಿ ಫಿಲ್ಮಿನ ಮೇಲೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು. 400ರ ಲೆನ್ಸಿನಲ್ಲೂ ಸಾಸಿವೆಗಿಂತ ಸಣ್ಣವನು.

ಜೊತೆಗೇ ಬೀಳುತ್ತ ತೆಗೆಯುವುದಾದರೆ ಲೆಕ್ಕವೇ ಬೇರೆ. ಇದನ್ನು ಓದಿದ ದಿನ ನಾನು ಒಲೆಯ ಮೇಲಿನ ಹಾಲು ಮರೆತೆ. ಇಬ್ಬರೂ ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಬೀಳುತ್ತಿರುವಾಗ ಒಬ್ಬರಿಗೊಬ್ಬರು ನಿಂತಂತೆಯೇ ಇರುತ್ತಾರೆ. ಸಮವಾಗಿ ಓಡುವ ಎರಡು ರೈಲುಗಳ ಕಿಟಕಿಯ ಹಾಗೆ. 20 ಅಡಿಯಿಂದ ಬೀಳುವವನನ್ನು ನೆಲದ ಮೇಲೆ ನಿಂತ ಅಪ್ಪ ಅಷ್ಟು ವರ್ಷ ಹಿಡಿಯಲಾರದೆ ಹೋದ. 13,000 ಅಡಿಯಿಂದ ಬೀಳುವವನು ಜೊತೆಗೆ ಬೀಳುವವರ ಎದುರು ಮುಕ್ಕಾಲು ನಿಮಿಷಕ್ಕೂ ಮಿಕ್ಕಿ ಸ್ಟುಡಿಯೋದ ಕುರ್ಚಿಯಲ್ಲಿ ಕುಳಿತಂತೆ ಇರುತ್ತಾನೆ. ಅಲ್ಲಿ ಕಷ್ಟ ವೇಗದ್ದಲ್ಲ, ಹತ್ತಿರದ್ದು. ಎರಡು ಮೀಟರಿನ ಅಂತರದಲ್ಲಿ 50ರ ಲೆನ್ಸಿಗೆ ಕಾಣುವುದು ಒಂದೂವರೆ ಮೀಟರಿನಷ್ಟು ಅಗಲ. ಚಾಚಿದ ಕೈಗಳು ಕತ್ತರಿಸಿ ಹೋಗುತ್ತವೆ. 24ರ ಲೆನ್ಸಿಗೆ ಮೂರು ಮೀಟರು ಕಾಣುತ್ತದೆ. ಮೇಲಾಗಿ ಅಂಥ ಅಗಲದ ಲೆನ್ಸನ್ನು ಎಫ್/8ಕ್ಕೆ ಇಟ್ಟು, ಸುಮಾರು ಎರಡೂವರೆ ಮೀಟರಿಗೆ ಫೋಕಸ್ ಮಾಡಿ ಅಂಟುಪಟ್ಟಿ ಹಚ್ಚಿಬಿಟ್ಟರೆ, ನಾಲ್ಕಡಿಯಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಗಾಳಿಯಲ್ಲಿ ಫೋಕಸ್ ತಿರುಗಿಸುವ ಗೋಜೇ ಇಲ್ಲ.

ಕ್ಯಾಮೆರಾವನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಬೀಳುವಾಗ ದಿಕ್ಕು ತಿರುಗಿಸುವುದಕ್ಕೂ ಕೊನೆಗೆ ಪ್ಯಾರಾಶೂಟ್ ಬಿಚ್ಚುವುದಕ್ಕೂ ಕೈಗಳೇ ಬೇಕು. ಆದ್ದರಿಂದ 1960ರ ದಶಕದಿಂದಲೇ ಜಿಗಿಯುವವರು ಅದನ್ನು ಹೆಲ್ಮೆಟ್ಟಿಗೆ ಬಿಗಿದರು. ಕಣ್ಣಿನ ಮುಂದೆ ಬಳೆಯಂಥ ವೃತ್ತಗಳಿರುವ ಒಂದು ಗಾಜು, ಅದೇ ಗುರಿ. ಶಟರಿನ ಗುಂಡಿ ಹಲ್ಲುಗಳ ನಡುವೆ. ಕಚ್ಚಿದರೆ ಚಿತ್ರ. ಆದರೆ ಪ್ಯಾರಾಶೂಟ್ ಬಿಚ್ಚಿಕೊಳ್ಳುವಾಗಿನ ಜಗ್ಗು ಕೊರಳಿಗೆ ಬರುತ್ತದೆ. ಕ್ಯಾಮೆರಾ ಭಾರವಾದಷ್ಟೂ ಕೊರಳಿಗೆ ಕೇಡು. ಹಗ್ಗ ಸಿಕ್ಕಿಕೊಂಡರೆ ಹೆಲ್ಮೆಟ್ಟನ್ನೇ ಕ್ಷಣದಲ್ಲಿ ಕಳಚಿ ಎಸೆಯುವಂತಿರಬೇಕು. ಈಗಿನ ಬೆಂಕಿಪೊಟ್ಟಣದಂಥ ಗೋಪ್ರೊ ಕ್ಯಾಮೆರಾಗಳು ಭಾರ ಕಡಿಮೆ ಮಾಡಿವೆ. ಅಪಾಯ ಪೂರ್ತಿ ಹೋಗಿಲ್ಲ.

ಆ ಅಪಾಯ ಎಂಥದೆಂದು ಎರಡು ಪ್ರಸಂಗಗಳು ನನಗೆ ಕಲಿಸಿದವು. 1988ರಲ್ಲಿ ಅಮೆರಿಕದಲ್ಲಿ ನೂರಾರು ಸಲ ಜಿಗಿದು ಪಳಗಿದ ಒಬ್ಬ ಚಿತ್ರಗ್ರಾಹಕ, ವಿದ್ಯಾರ್ಥಿಯೊಬ್ಬನನ್ನು ಚಿತ್ರಿಸಲೆಂದು ವಿಮಾನದಿಂದ ಹಾರಿದ. ಮೈಮೇಲೆ ವಿಡಿಯೋ ಸಲಕರಣೆಯಿತ್ತು. ಪ್ಯಾರಾಶೂಟ್ ಇರಲಿಲ್ಲ. ಕಟ್ಟಿಕೊಳ್ಳುವುದನ್ನೇ ಮರೆತಿದ್ದ. ಬಿಚ್ಚಲು ಕೈ ಹಾಕಿದಾಗಲೇ ಅವನಿಗೆ ಗೊತ್ತಾದದ್ದು. ಚಿತ್ರದ ಮೇಲಿನ ಧ್ಯಾನ ಮನುಷ್ಯನನ್ನು ಅಷ್ಟು ದೂರ ಒಯ್ಯಬಲ್ಲದು.

ಎರಡನೆಯದು ಕಾರ್ಲ್ ಮತ್ತು ಜೀನ್ ಬೋನಿಶ್ ದಂಪತಿಯದು. ಕಾರ್ಲ್ ಹೆಲ್ಮೆಟ್ಟಿನ ಕ್ಯಾಮೆರಾದಿಂದ ಬೀಳುವವರನ್ನು ಚಿತ್ರಿಸುವುದರಲ್ಲಿ ಹೆಸರಾದವನು. 1984ರಲ್ಲಿ ನಾರ್ವೆಯ ಒಂದು ಮಹಾ ಬಂಡೆಯಿಂದ ಗಂಡ ಹೆಂಡತಿ ಕೂಡಿ ಜಿಗಿದು ದಾಖಲೆ ಮಾಡಿದರು. ಅದರ ಬೆನ್ನಿಗೇ ಅಲ್ಲಿಯೇ ಮತ್ತೊಮ್ಮೆ ಒಬ್ಬನೇ ಜಿಗಿದ ಕಾರ್ಲ್ ಸತ್ತ. ಕೆಲವೇ ದಿನಗಳಲ್ಲಿ ಜೀನ್ ಮತ್ತೆ ಅದೇ ಬಂಡೆಗಳಿಂದ ಜಿಗಿದಳು. ಇದನ್ನು ನನ್ನ ಓರಗಿತ್ತಿಗೆ ಹೇಳಿದಾಗ "ಎಂಥಾ ಕಲ್ಲೆದಿ" ಎಂದಳು. ನನಗೆ ಹಾಗೆನ್ನಿಸಲಿಲ್ಲ. ಏನೆನ್ನಿಸಿತೆಂದು ಹೇಳಲೂ ಬರಲಿಲ್ಲ.

ಹಾವೇರಿಯಲ್ಲಿ ತಮ್ಮನ ಮನೆಯಲ್ಲಿ ಪಂಚಾಯ್ತಿ ಕೂಡಿತು. ಗೋಡೆಯ ಮೇಲೆ ಅಪ್ಪನ ಫೋಟೋ, ಅದಕ್ಕೆ ಹಾವೇರಿಯ ಏಲಕ್ಕಿ ಮಾಲೆ. ಹುಡುಗಿಯೂ ಬಂದಿದ್ದಳು. ಎಲ್ಲರೂ ನನ್ನ ಮುಖ ನೋಡಿದರು. ನಾನು ಬೇಡ ಎಂದಿದ್ದರೆ ಅವಳು ಬಹುಶಃ ಬಿಡುತ್ತಿದ್ದಳು. ಬೇಡ ಎನ್ನಬೇಕೆಂದು ನನ್ನೊಳಗೆ ಬರುತ್ತಿದ್ದ ಮಾತು ಬರೀ ಹೆದರಿಕೆಯದಾಗಿರಲಿಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ಇವಳಿಗೆ ಯಾವ ಲೆನ್ಸ್ ಎಂದು ಕೇಳುವಷ್ಟು ಸಲಿಗೆ ಇದೆಯಲ್ಲ, ನನಗೆ ಇರಲಿಲ್ಲವಲ್ಲ ಎಂಬ ಹಳೆಯ ಕಿಚ್ಚೂ ಅದರಲ್ಲಿತ್ತು. ಅದು ಗೊತ್ತಾದ ಮೇಲೆ ಆ ಮಾತನ್ನು ಆಡಲಿಕ್ಕೆ ಬಾಯಿ ಬರಲಿಲ್ಲ.

"ಜಿಗಿ" ಎಂದೆ. "ಆದ್ರ ಕ್ಯಾಮೆರಾ ಬ್ಯಾಡ. ಅಮೆರಿಕದ ಪ್ಯಾರಾಶೂಟ್ ಸಂಘದವರು ಕ್ಯಾಮೆರಾ ಕಟ್ಟಿಕೊಳ್ಳೂಕಿಂತ ಮೊದ್ಲ 200 ಸಲ ಜಿಗಿದಿರಬೇಕು ಅಂತಾರ. ನಿಂದು ಎಷ್ಟಾಗ್ಯಾವು?"

"ಒಂದೂ ಇಲ್ಲ."

"ಅಷ್ಟೂ ಆದ ಮ್ಯಾಲೆ 24ರ ಲೆನ್ಸ್. ಅದಕೂ ಮೊದಲ ಬೀಳೂದ ಕಲಿ."

ತಮ್ಮ ಎದ್ದು ಹೊರಗೆ ಹೋದ. ವೈನಿ ನನ್ನ ಜೊತೆ ಆ ದಿನ ಮಾತಾಡಲಿಲ್ಲ.

ಮೈಸೂರಿಗೆ ನಾವು ಮೂವರೂ ಹೋದೆವು. ಹುಡುಗಿ ತನ್ನ ಕ್ಯಾಮೆರಾವನ್ನು, 300ರ ಉದ್ದ ಲೆನ್ಸ್ ಹಾಕಿ, ನನ್ನ ಕೊರಳಿಗೆ ಹಾಕಿದಳು. "ನೆಲದ ಮ್ಯಾಲಿನಾಕಿಗೆ ಇದs ಬೇಕು, ಹೌದಲ್ಲ ಅತ್ತಿ?" ಎಂದಳು. ಕಲಿಸುವವನ ಮೈಗೆ ಬಿಗಿಸಿಕೊಂಡು ವಿಮಾನ ಹತ್ತಿದಳು. ವಿಮಾನ ನೊಣದಷ್ಟಾಯಿತು, ಸದ್ದೂ ಅಡಗಿತು. ಒಂದು ಚುಕ್ಕೆ ಬಿತ್ತು. ಈ ಕ್ಯಾಮೆರಾದಲ್ಲಿ ಎಡ ಎಡವೇ, ಬಲ ಬಲವೇ. ಚುಕ್ಕೆಯನ್ನು ತಪ್ಪದೆ ಹಿಂಬಾಲಿಸಿದೆ. ಪಕ್ಕದಲ್ಲಿ ವೈನಿ ಉಸಿರು ಎಳೆದುಕೊಂಡದ್ದು ಕೇಳಿಸಿತು. ನಾಲ್ಕು ಹೆಜ್ಜೆ ಹಿಂದೆ ಸರಿದು, ಲೆನ್ಸನ್ನು ಅವಳ ಕಡೆಗೆ ತಿರುಗಿಸಿ ಒತ್ತಿದೆ. ಈ ಸಲ ತಪ್ಪಿ ತಿರುಗಿದ್ದಲ್ಲ.

ಚುಕ್ಕೆಯ ಫೋಟೋಗಳು ಮೂವತ್ತು ಇವೆ. ಯಾರೂ ನೋಡುವುದಿಲ್ಲ. ಸೆರಗು ಬಾಯಿಗೆ ಒತ್ತಿ ಮೇಲೆ ನೋಡುತ್ತಿರುವ ವೈನಿಯ ಫೋಟೋ ಹಾವೇರಿಯ ಮನೆಯಲ್ಲಿ ಅಪ್ಪನ ಫೋಟೋದ ಕೆಳಗಿದೆ. ತೂಗುಹಾಕಿದವಳು ವೈನಿಯೇ. ಹುಡುಗಿ ಆಮೇಲೆ ಶಿಕ್ಷಣಕ್ಕೆ ಸೇರಿ ಒಬ್ಬಳೇ ಜಿಗಿಯುವುದನ್ನು ಕಲಿತಳು. ಪ್ರತಿ ಸಲ ಜಿಗಿದ ದಿನ ನನಗೆ ಫೋನು ಮಾಡಿ ಬರೀ ಲೆಕ್ಕ ಹೇಳುತ್ತಾಳೆ. ಕಳೆದ ವಾರ ಹೇಳಿದ್ದು ಮೂವತ್ತೊಂದು.